ರವಿಕೆ ಹೊಲಿದ ಹಾಗೆ

ಸಂಜೆ ಕಾರವಾರದ ಕಡಲತೀರದಲ್ಲಿ ಕುಳಿತು ಸಾಗರ ಸ್ಪರ್ಧೆಯ ದೋಣಿಯೊಂದರ ಹಾಯಿಯ ನಕ್ಷೆ ತಿದ್ದುತ್ತಿದ್ದೆ. ಪಕ್ಕದಲ್ಲಿ ಬಲೆ ಸರಿಪಡಿಸುತ್ತಿದ್ದ ಅಜ್ಜ ಇಣುಕಿ ನೋಡಿ, "ಪಟ್ಟಿಗಳ ಅಂಚು ನೇರವಾಗಿಲ್ಲವಲ್ಲ ತಂಗಿ?" ಎಂದರು. ನೇರವಾಗಿರಬಾರದು. ಹಾಯಿಬಟ್ಟೆಯ ಪಟ್ಟಿಗಳ ಅಂಚನ್ನು ತುಸುವೇ ಬಾಗಿಸಿ ಕತ್ತರಿಸಿ ಜೋಡಿಸಿದರೆ ಮಾತ್ರ ಹಾಯಿಗೆ ಉಬ್ಬು ಬರುತ್ತದೆ. ಆ ಉಬ್ಬಿದ್ದರೆ ಅದು ಹಕ್ಕಿಯ ರೆಕ್ಕೆಯಂತೆ ಕೆಲಸ ಮಾಡಿ, ಎದುರುಗಾಳಿಗೂ ಓರೆಯಾಗಿ ದೋಣಿಯನ್ನು ಮುಂದೊಯ್ಯುತ್ತದೆ. "ರವಿಕೆ ಹೊಲಿದ ಹಾಗೆ," ಎಂದರು ಅಜ್ಜ. ಇಷ್ಟು ಚೆನ್ನಾಗಿ ನಾನು ಯಾರಿಗೂ ವಿವರಿಸಿರಲಿಲ್ಲ.

ಹಾಯಿಗಿಂತ ನನ್ನ ನಿದ್ದೆ ಕೆಡಿಸುವುದು ಹಾಯಿಕಂಬವನ್ನು ಹಿಡಿದಿಡುವ ತಂತಿಗಳು. ಒಂದು ಕೊಂಡಿ ಕೈಕೊಟ್ಟರೂ ಕಂಬವೇ ಉರುಳಬಹುದು. ಒಬ್ಬರೇ ಹಾಯಿದೋಣಿಯಲ್ಲಿ ಜಗತ್ತು ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, 2018ರಲ್ಲಿ ಬಿರುಗಾಳಿಗೆ ಸಿಕ್ಕಿ ಭಾರತದ ನಾವಿಕ ಅಭಿಲಾಷ್ ಟೋಮಿಯವರ ದೋಣಿಯ ಕಂಬ ಮುರಿಯಿತು, ಅವರ ಬೆನ್ನುಮೂಳೆಗೂ ಪೆಟ್ಟಾಯಿತು. ಅದೇ ಸ್ಪರ್ಧೆಗೆ ಮರಳಿ ಹೋಗಿ 2023ರಲ್ಲಿ ಎರಡನೆಯವರಾಗಿ ದಡ ಸೇರಿದರು. ತಂತಿಯ ದಪ್ಪ ಲೆಕ್ಕ ಹಾಕುವಾಗಲೆಲ್ಲ ಅವರು ನೆನಪಾಗುತ್ತಾರೆ. ತಂತಿ ದಪ್ಪವಾದರೆ ಮೇಲ್ಭಾರ ಹೆಚ್ಚಿ ದೋಣಿ ವಾಲುತ್ತದೆ, ತೆಳುವಾದರೆ ಒಂದು ಜೀವ ಅದಕ್ಕೆ ನೇತುಬಿದ್ದಿರುತ್ತದೆ.

ಅಜ್ಜ ಬಲೆಯ ಪ್ರತಿ ಗಂಟನ್ನೂ ಎರಡು ಸಲ ಎಳೆದು ನೋಡುತ್ತಿದ್ದರು. ನಾನೂ ನಕ್ಷೆಯನ್ನು ಮೊದಲಿನಿಂದ ತೆರೆದೆ.