ಸಾರ್, ಗಾಡಿ ಹತ್ತಿದ್ರೆ ಯಾಕೆ ಇಷ್ಟು ಕೋಪ ಬರುತ್ತೆ?

ಹದಿನೆಂಟು ವರ್ಷದಿಂದ ಬೆಂಗಳೂರಿನಲ್ಲಿ ಕಾರು ಓಡಿಸೋದು ಕಲಿಸುತ್ತಿದ್ದೇನೆ. ಎಡಗಡೆ ಸೀಟು ನನ್ನದು. ನನ್ನ ಕಾಲ ಕೆಳಗೂ ಒಂದು ಬ್ರೇಕ್, ಒಂದು ಕ್ಲಚ್ ಇರುತ್ತದೆ. ಇಷ್ಟು ವರ್ಷದಲ್ಲಿ ಗೇರ್ ಬಗ್ಗೆ ಕೇಳಿದವರಿಗಿಂತ ಈ ಪ್ರಶ್ನೆ ಕೇಳಿದವರೇ ಜಾಸ್ತಿ: "ಸಾರ್, ಆಫೀಸಲ್ಲಿ ನನ್ನಷ್ಟು ಸಾಧು ಯಾರೂ ಇಲ್ಲ. ಸ್ಟೀರಿಂಗ್ ಹಿಡಿದ್ರೆ ಮಾತ್ರ ಯಾಕೆ ಇಷ್ಟು ಕೋಪ? ನನ್ನ ಕೈಲೇ ಇರಲ್ಲ ನೋಡಿ." ಲೈಸೆನ್ಸ್ ತಗೊಂಡು ಹೋದವರು ಫೋನ್ ಮಾಡಿ ಕೇಳುತ್ತಾರೆ. ಹೆಂಡತಿಯರು ಗಂಡಂದಿರ ಪರವಾಗಿ ಕೇಳುತ್ತಾರೆ. ಒಮ್ಮೆ ಮದುವೆ ಊಟದ ಪಂಕ್ತಿಯಲ್ಲಿ, ಹೋಳಿಗೆ ಬಡಿಸುವ ಹೊತ್ತಿಗೆ, ಪಕ್ಕದ ಎಲೆಯವರು ಕೇಳಿದರು.

ನನ್ನ ಉತ್ತರ ಹಲವರಿಗೆ ಹಿಡಿಸುವುದಿಲ್ಲ. ಕೋಪ ಬರುವುದು ನಿಜ, ಒಪ್ಪುತ್ತೇನೆ. ಆದರೆ "ನನ್ನ ಕೈಲೇ ಇರಲ್ಲ" ಅನ್ನುವುದನ್ನು ಮಾತ್ರ ನಾನು ನಂಬುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಹನುಮಂತನಗರದ ಒಂದು ಏರಿನಲ್ಲಿ ಐವತ್ತು ದಾಟಿದ ಒಬ್ಬ ಅಮ್ಮನಿಗೆ ಹಾಫ್ ಕ್ಲಚ್ ಕಲಿಸುತ್ತಿದ್ದೆ. ಮೂರನೇ ಸಲ ಗಾಡಿ ಆಫ್ ಆಯಿತು. ಹ್ಯಾಂಡ್‌ಬ್ರೇಕ್ ಎಳೆದೆ. ಹಿಂದಿನ ಕಾರಿನವನು ಅಷ್ಟು ಹೊತ್ತೂ ಹಾರ್ನ್ ಮೇಲಿಂದ ಕೈ ತೆಗೆದಿರಲಿಲ್ಲ. ಈಗ ಇಳಿದು ಬಂದು ಆ ಅಮ್ಮನ ಕಡೆಯ ಗಾಜಿಗೆ ಗುದ್ದಿದ. ಮನೇಲಿ ಮುದ್ದೆ ತಿರುವಿಕೊಂಡು ಇರೋಕೆ ಏನು ಕಷ್ಟ ಅಂತ ಶುರು ಮಾಡಿ ಇಲ್ಲಿ ಬರೆಯಲಾಗದ ಕಡೆಗೆ ಹೋದ. ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. ಯಾರದು ಅಂತ ನೋಡಿದ. "ಹಾ ಸಾರ್, ಹೇಳಿ ಸಾರ್. ಇಲ್ಲ ಸಾರ್, ಇಲ್ಲೇ ಹತ್ರದಲ್ಲೇ ಇದೀನಿ, ಹತ್ತೇ ನಿಮಿಷ ಸಾರ್." ಬೆಣ್ಣೆಯಂಥ ದನಿ. ಇನ್ನೊಂದು ಕೈ ಆಗಲೂ ನಮ್ಮ ಗಾಜಿನ ಮೇಲೇ ಇತ್ತು. ಫೋನ್ ಜೇಬಿಗೆ ಹೋಯಿತು, ಬೈಗುಳ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮತ್ತೆ ಶುರುವಾಯಿತು.

ಕೈಲೇ ಇರಲ್ಲ ಅನ್ನುವವರು ಇದಕ್ಕೇನು ಹೇಳುತ್ತಾರೆ?

ಹಾಗಂತ ಅವನದು ನಾಟಕ ಅಲ್ಲ. ಫೋನ್ ಹಿಡಿದ ಕೈ ನಡುಗುತ್ತಿತ್ತು, ಕುತ್ತಿಗೆ ಕೆಂಪಾಗಿತ್ತು. ಮಿದುಳಿನ ಒಳಗೆ ಬಾದಾಮಿ ಗಾತ್ರದ ಒಂದು ಭಾಗ ಇದೆ, ಅಮಿಗ್ಡಲಾ ಅಂತಾರೆ. ಅಪಾಯದ ವಾಸನೆ ಬಂದರೆ ಸಾಕು, ಅದು ಗಂಟೆ ಬಾರಿಸುತ್ತದೆ. ಮೂತ್ರಪಿಂಡದ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಏರುತ್ತದೆ. ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ 1915ರಲ್ಲೇ ಬರೆದಿದ್ದರು, ಭಯಕ್ಕೂ ಕೋಪಕ್ಕೂ ದೇಹದೊಳಗಿನ ತಯಾರಿ ಹೆಚ್ಚುಕಡಿಮೆ ಒಂದೇ ಅಂತ. ಎಡಗಡೆ ಸೀಟಿನಿಂದ ಅದು ಚೆನ್ನಾಗಿ ಕಾಣುತ್ತದೆ. ಗಾಜಿನ ಆಚೆ ಅವನ ಕೈ ನಡುಗುತ್ತಿತ್ತು, ಈಚೆ ಕ್ಲಚ್ ಮೇಲೆ ಆ ಅಮ್ಮನ ಕಾಲು ನಡುಗುತ್ತಿತ್ತು. ಸರಕು ಒಂದೇ. ಹೊರಗೆ ಬಂದದ್ದು ಮಾತ್ರ ಬೇರೆ ಬೇರೆ.

ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡುವ ಮೇಡಂ ಒಬ್ಬರು ನನ್ನ ಹತ್ತಿರ ಕಲಿಯಲು ಬಂದಿದ್ದರು. ಈ ಕಥೆ ಕೇಳಿ ಜೋರಾಗಿ ನಕ್ಕು, ಒಂದು ಹಳೇ ಪ್ರಯೋಗದ ಬಗ್ಗೆ ಹೇಳಿದರು. 1968ರಲ್ಲಿ ಪ್ರಕಟವಾದದ್ದು. ಕ್ಯಾಲಿಫೋರ್ನಿಯಾದಲ್ಲಿ ಡೂಬ್ ಮತ್ತು ಗ್ರಾಸ್ ಅಂತ ಇಬ್ಬರು ಸಿಗ್ನಲ್‌ನಲ್ಲಿ ಬೇಕಂತಲೇ ಕಾರು ನಿಲ್ಲಿಸಿಕೊಂಡರು. ಹಸಿರು ದೀಪ ಬಂದರೂ ಕದಲಲಿಲ್ಲ. ಕೆಲವು ಸಲ ಹೊಸ ದುಬಾರಿ ಕಾರು, ಕೆಲವು ಸಲ ಹಳೇ ಡಕೋಟ. ಹಳೇ ಕಾರಿಗೆ ಹಿಂದಿನವರಲ್ಲಿ ನೂರಕ್ಕೆ 84 ಮಂದಿ ಹಾರ್ನ್ ಹೊಡೆದರು. ದುಬಾರಿ ಕಾರಿಗೆ 50 ಮಂದಿ. ಮಜಾ ಇರುವುದು ಇಲ್ಲಿ: ವಿದ್ಯಾರ್ಥಿಗಳನ್ನು ಕೂರಿಸಿ "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಅಂತ ಕೇಳಿದರೆ, ದುಬಾರಿ ಕಾರಿಗೇ ಬೇಗ ಹಾರ್ನ್ ಹೊಡೆಯುತ್ತೇವೆ ಅಂತ ಹುಡುಗರು ಬರೆದುಕೊಟ್ಟರಂತೆ!

ನನಗೆ ಆಶ್ಚರ್ಯವೇನೂ ಆಗಲಿಲ್ಲ. ಎಲ್ ಬೋರ್ಡ್ ಹಾಕಿಕೊಂಡ ಹಳೇ ಕಾರಿನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಹಾರ್ನ್ ಕೇಳಿಸಿಕೊಳ್ಳುವವನು ನಾನು. ಭಾನುವಾರ ಭಾವಮೈದುನನ ದೊಡ್ಡ ಗಾಡಿ ತಗೊಂಡು ಅದೇ ರಸ್ತೆಯಲ್ಲಿ, ಅಷ್ಟೇ ನಿಧಾನಕ್ಕೆ ಹೋದರೆ ಹಿಂದಿನವರು ಎಷ್ಟು ಮರ್ಯಾದಸ್ಥರು ಅಂತೀರಿ! ಕೋಪಕ್ಕೆ ಕಣ್ಣಿಲ್ಲ ಅಂತಾರೆ. ನಾನು ನೋಡಿದ ಕೋಪಕ್ಕೆಲ್ಲ ಕಣ್ಣು ಬಹಳ ಚುರುಕು. ಎದುರಿಗಿರುವುದು ಎಲ್ ಬೋರ್ಡೋ, ಹೆಂಗಸೋ, ಆಟೋದವರೋ, ಸೈಕಲ್ಲಿನ ಹುಡುಗನೋ ಅಂತ ನೋಡಿಕೊಂಡೇ ಬರುತ್ತದೆ.

ಸೆಕೆಗೂ ಇದರಲ್ಲಿ ಪಾಲಿದೆ. ಅಮೆರಿಕದ ಫೀನಿಕ್ಸ್‌ನಲ್ಲಿ ಇಂಥದ್ದೇ ಪ್ರಯೋಗ ಮಾಡಿದಾಗ ಬಿಸಿಲು ಏರಿದಂತೆಲ್ಲ ಹಾರ್ನ್ ಕೂಡ ಏರಿತಂತೆ, ಅದರಲ್ಲೂ ಕಿಟಕಿ ತೆರೆದುಕೊಂಡು ಹೋಗುತ್ತಿದ್ದವರದು. ಡಿಸೆಂಬರ್ ಚಳಿಯಲ್ಲೂ ಹಾರ್ನ್ ಬಿಡದ ನಮ್ಮ ಸಿಲ್ಕ್ ಬೋರ್ಡ್‌ಗೆ ಅವರು ಒಮ್ಮೆ ಬರಬೇಕಿತ್ತು.

"ಒಂದು ಸಲ ಕಿರುಚಿದ್ರೆ ಹಗುರ ಆಗುತ್ತಲ್ಲ ಸಾರ್" ಅಂತ ವಾದ ಮಾಡುವವರೂ ಇದ್ದಾರೆ. ಆಗುವುದಿಲ್ಲ. 154 ಅಧ್ಯಯನಗಳನ್ನು, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿಯೊಂದು 2024ರಲ್ಲಿ ಬಂತು. ಮೈ ಬಿಸಿ ಏರಿಸುವ ಕೆಲಸಗಳಿಂದ ಕೋಪ ಇಳಿಯುವುದಿಲ್ಲ, ಮೈ ತಣ್ಣಗೆ ಮಾಡುವವುಗಳಿಂದ ಇಳಿಯುತ್ತದೆ ಅನ್ನುವುದು ಅದರ ಸಾರ. ಅದಕ್ಕೇ ನಾನು ಹೇಳುವುದು ಇಷ್ಟೇ: ಎಡಕ್ಕೆ ಹಾಕಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಎರಡೂ ಕೈ ತೊಡೆ ಮೇಲೆ ಇಡಿ. ಉಸಿರು ಉದ್ದಕ್ಕೆ ಬಿಡಿ. ಕಾಲಿನ ನಡುಕ ನಿಂತ ಮೇಲೆ ಹೊರಡಿ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಕೋಪ ಬರಲೇಬಾರದು ಅಂತಲೂ ನಾನು ಹೇಳುವುದಿಲ್ಲ. ಆ ಏರಿನ ಅಮ್ಮ ಮಾರನೇ ದಿನ ಬೆಳಗ್ಗೆ ಆರಕ್ಕೇ ಬಂದು ನಿಂತಿದ್ದರು. "ಅದೇ ರಸ್ತೆಗೆ ನಡೀರಿ" ಅಂದರು. ಒಂದೇ ಒಂದು ಸಲವೂ ಆಫ್ ಆಗದೆ ಹತ್ತಿಸಿದರು. ಅದೂ ಕೋಪವೇ.

ಇಷ್ಟೆಲ್ಲ ಬರೆದ ಮೇಲೆ ನನ್ನ ಮನೆ ಕಥೆ ಹೇಳದಿದ್ದರೆ ತಪ್ಪಾಗುತ್ತದೆ. ಸಾವಿರಾರು ಜನ ನನ್ನ ಪಕ್ಕದಲ್ಲಿ ಕೂತು ಗಾಡಿ ಆಫ್ ಮಾಡಿದ್ದಾರೆ, ಕಂಬಕ್ಕೆ ಗುದ್ದಿಸಿದ್ದಾರೆ. ಒಬ್ಬರ ಮೇಲೂ ದನಿ ಏರಿಸಿಲ್ಲ. ಫೀಸು ಕೊಟ್ಟವರಲ್ವಾ. ಆದರೆ ಮಗನಿಗೆ ಹದಿನೆಂಟು ತುಂಬಿದಾಗ, ಆಗಿನ್ನೂ ಸಂಜೆಯ ಕೊನೇ ಕ್ಲಾಸು ಮುಗಿಸಿ ಇಳಿದಿದ್ದೆ, ಅವನನ್ನು ಕೂರಿಸಿಕೊಂಡು ಹೊರಟೆ. ಎರಡನೇ ಗೇರ್ ಬದಲು ನಾಲ್ಕಕ್ಕೆ ಹಾಕಿದ. ನಾನು ಕಿರುಚಿದ ರಭಸಕ್ಕೆ ಎಳನೀರಿನವನು ಮಚ್ಚು ಹಿಡಿದುಕೊಂಡೇ ತಿರುಗಿ ನೋಡಿದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ನಮ್ಮನೆ ಕೊತ್ತಿ ಅವನೇ ಆಗಿಬಿಟ್ಟ.

ಅವನು ಏನೂ ಮಾತಾಡಲಿಲ್ಲ. ಮುಂದಿನ ವಾರ ನಮ್ಮ ಪಕ್ಕದ ಬಡಾವಣೆಯ ಇನ್ನೊಂದು ಡ್ರೈವಿಂಗ್ ಸ್ಕೂಲಿಗೆ, ತಾನೇ ದುಡ್ಡು ಹೊಂದಿಸಿಕೊಂಡು ಸೇರಿದ. ಚೆನ್ನಾಗಿ ಓಡಿಸುತ್ತಾನೆ. ಈಗಲೂ ಅವನ ಪಕ್ಕ ಎಡಗಡೆ ಕೂತರೆ, ಇಲ್ಲದ ಬ್ರೇಕನ್ನು ನನ್ನ ಬಲಗಾಲು ಒತ್ತುತ್ತಿರುತ್ತದೆ. ಅವನು ಅದನ್ನು ನೋಡುತ್ತಾನೆ, ರೇಡಿಯೋ ಸ್ವಲ್ಪ ಜೋರು ಮಾಡುತ್ತಾನೆ.