ಸೆನ್ಸರ್ ಬಾರದ ದಿನ

ಅಹಮದಾಬಾದಿಗೆ ನಾನು ಹೋದದ್ದು ಊರು ನೋಡಲಿಕ್ಕಲ್ಲ, ಒಂದು ಪ್ಯಾಕಿಂಗ್ ಯಂತ್ರ ನೋಡಲಿಕ್ಕೆ. ಬ್ಯಾಡಗಿಯಲ್ಲಿ ನಾನು ಕೆಲಸಕ್ಕಿರುವ ಖಾರದ ಪುಡಿಯ ಕಾರ್ಖಾನೆಗೆ 100 ಗ್ರಾಮಿನ ಪೊಟ್ಟಣಗಳನ್ನು ತಾನೇ ತುಂಬಿ, ತಾನೇ ಅಂಟಿಸಿ, ತಾನೇ ಕತ್ತರಿಸಿ ಕೆಳಗೆ ಬೀಳಿಸುವ ಯಂತ್ರವೊಂದು ಬೇಕಾಗಿತ್ತು. ಮುಂಗಡ ಕೊಟ್ಟು ನಾಲ್ಕು ತಿಂಗಳಾದ ಮೇಲೆ, ಅದನ್ನು ಲಾರಿಗೆ ಹೇರುವ ಮೊದಲು ನಮ್ಮದೇ ಪುಡಿ ಹಾಕಿ ಓಡಿಸಿ ನೋಡಿ ಬರಬೇಕೆಂದು ಸಾವಕಾರರು ನನ್ನನ್ನು ಕಳಿಸಿದರು. ಹೀಗಾಗಿ ಹಾವೇರಿಯಲ್ಲಿ ಜೋಧಪುರದ ರೈಲು ಹತ್ತಿದಾಗ ನನ್ನ ಬಳಿ ಎರಡು ಚೀಲಗಳಿದ್ದವು: ಒಂದರಲ್ಲಿ ಬಟ್ಟೆ, ಕಟಕ ರೊಟ್ಟಿ, ಶೇಂಗಾ ಚಟ್ನಿ; ಇನ್ನೊಂದರಲ್ಲಿ ಮೂರು ಪದರ ಪ್ಲಾಸ್ಟಿಕ್ ಸುತ್ತಿದ ಹತ್ತು ಕಿಲೋ ಖಾರದ ಪುಡಿ. ಎಷ್ಟು ಸುತ್ತಿದರೂ ಅದು ಸುಮ್ಮನಿರುವ ವಸ್ತುವಲ್ಲ. ಮಿರಜ್ ದಾಟುವ ಹೊತ್ತಿಗೆ ಎದುರಿನ ಬರ್ತಿನಲ್ಲಿದ್ದ ಮಾರವಾಡಿ ಅಜ್ಜ ಏಳನೆಯ ಸಲ ಸೀನಿ, ಚೀಲದ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ನೋಡಿ, ಅದನ್ನು ಕಾಲಿನಿಂದ ಮೆಲ್ಲಗೆ ನನ್ನ ಬರ್ತಿನ ಕೆಳಗೆ ಇನ್ನಷ್ಟು ಒಳಕ್ಕೆ ತಳ್ಳಿದರು.

ನಗರದ ಅಂಚಿನ ಕೈಗಾರಿಕಾ ಪ್ರದೇಶದಲ್ಲಿದ್ದ ತಯಾರಕರ ಷೆಡ್ಡಿನಲ್ಲಿ ಯಂತ್ರವೇನೋ ಫಳಫಳ ಹೊಳೆಯುತ್ತ ನಿಂತಿತ್ತು, ಆದರೆ ಅದಕ್ಕೆ ಕಣ್ಣಿರಲಿಲ್ಲ. ಪೊಟ್ಟಣದ ಹಾಳೆಯ ಸುರುಳಿಯ ಅಂಚಿನಲ್ಲಿ ಪೊಟ್ಟಣಕ್ಕೊಂದರಂತೆ ಕಪ್ಪು ಗುರುತು ಮುದ್ರಿಸಿರುತ್ತಾರೆ. ಒಂದು ಸೆನ್ಸರ್ ಆ ಗುರುತನ್ನು ಹಿಡಿದಾಗಲೇ ಹಾಳೆ ನಿಂತು, ಸೀಲು ಸರಿಯಾದ ಜಾಗದಲ್ಲಿ ಬಿದ್ದು, ಕತ್ತರಿ ಆಡುತ್ತದೆ. ಆ ಸೆನ್ಸರ್ ಹಿಂದಿನ ವಾರವೇ ಸುಟ್ಟುಹೋಗಿತ್ತು, ಹೊಸದು ಬಂದಿರಲಿಲ್ಲ, ಮತ್ತು ಈ ಮಾತನ್ನು ನಾನು ಎರಡು ದಿನದ ಹಾದಿ ಸವೆಸಿ ಬರುವ ಮೊದಲು ಫೋನಿನಲ್ಲಿ ಹೇಳಬೇಕೆಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನ್ನ ಸಮಾಧಾನಕ್ಕೆಂದು ಅದಿಲ್ಲದೆಯೇ ಓಡಿಸಿ ತೋರಿಸಿದರು. ಮೊದಲ ಪೊಟ್ಟಣ ಸರಿಯಾಗಿ ಬಂತು, ಎರಡನೆಯದರಲ್ಲಿ ಮೆಣಸಿನಕಾಯಿ ಚಿತ್ರದ ತೊಟ್ಟು ಹಾರಿತು, ಐದನೆಯದರ ಹೊತ್ತಿಗೆ ನಮ್ಮ ಸಾವಕಾರರ ತಂದೆಯವರ ಹೆಸರಿನ ನಟ್ಟನಡುವೆ ಕತ್ತರಿ ಬಿತ್ತು. ಷೆಡ್ಡಿನ ಮಾಲೀಕರು ಒಂದಿಷ್ಟೂ ವಿಚಲಿತರಾಗದೆ "ಥೈ ಜಶೇ" ಎಂದರು. ಆಗುತ್ತದೆ, ಆಗಿಬಿಡುತ್ತದೆ ಎಂದು ಅದರ ಅರ್ಥ. ಯಾವಾಗ ಎಂದು ಕೇಳಿದ್ದಕ್ಕೆ ನಾಡಿದ್ದು ಎಂದರು.

ರಾತ್ರಿ ಸಾವಕಾರರಿಗೆ ಫೋನು ಮಾಡಿದೆ. "ಬಾಯಿಮಾತು ನಂಬಬ್ಯಾಡಪಾ, ಸೆನ್ಸರ್ ಬರೂತನಾ ಅಲ್ಲೇ ಇರು, ಓಡಿಸಿ ನೋಡೇ ಬಾ" ಎಂದವರು, ಸ್ವಲ್ಪ ತಡೆದು, "ನಾಳಿ ರೂಮಿನ್ಯಾಗ ಕುಂತು ಏನ್ ಮಾಡ್ತಿ, ಊರರ ನೋಡು" ಎಂದರು. ಹನ್ನೊಂದು ವರ್ಷದ ನೌಕರಿಯಲ್ಲಿ ಅವರು ನನಗೆ ಹಾಗೆ ಹೇಳಿದ್ದು ಅದೇ ಮೊದಲು.

ಲಾಡ್ಜಿನವನನ್ನು ಕೇಳಿದಾಗ, ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಬೆಳಿಗ್ಗೆ ನಗರಪಾಲಿಕೆಯವರೇ ಹಳೆಯ ಊರಿನೊಳಗೆ ನಡೆಸಿಕೊಂಡು ಹೋಗುತ್ತಾರೆಂದು ತಿಳಿಯಿತು. 1997ರಿಂದ ನಡೆದುಬಂದಿರುವ ನಡಿಗೆಯಂತೆ ಅದು. ಎಂಟಕ್ಕೆ ಮುಂಚೆಯೇ ಹೋಗಿ ನಿಂತೆ. 1822ರಲ್ಲಿ ಕಟ್ಟಿದ ಆ ಮಂದಿರದ ಮರದ ಕಂಬಗಳಿಗೆ ಹಚ್ಚಿದ ಬಣ್ಣಗಳು ನಮ್ಮ ಜಾತ್ರೆಯ ತೇರನ್ನು ನೆನಪಿಸುವಷ್ಟು ಗಾಢವಾಗಿದ್ದವು. ಅಲ್ಲಿಂದ ಮುಂದೆ ಶುರುವಾದದ್ದು ಪೋಳುಗಳು. ಪೋಳ್ ಎಂದರೆ ಒಂದೇ ದೊಡ್ಡ ಬಾಗಿಲಿನ ಓಣಿ. ರಾತ್ರಿ ಆ ಬಾಗಿಲು ಹಾಕಿದರೆ ಒಳಗಿನ ಹತ್ತಾರು ಮನೆಗಳೆಲ್ಲ ಒಂದೇ ಮನೆಯಾಗುತ್ತಿದ್ದವು. ಹಾಗೆ ಮುಚ್ಚಿದ ಓಣಿಯಿಂದ ಆಪತ್ತಿನಲ್ಲಿ ಪಾರಾಗಲು, ಮನೆಯ ಬಾಗಿಲಿನಂತೆ ಕಾಣುವ ಕಡೆಯಿಂದ ಪಕ್ಕದ ಪೋಳಿಗೆ ದಾಟುವ ಗುಟ್ಟಿನ ದಾರಿಗಳನ್ನೂ ಇಟ್ಟಿದ್ದರು. ಅಂಥ ಒಂದರಲ್ಲಿ ನಾವು ಹದಿನೈದು ಮಂದಿ ಸಾಲಾಗಿ ನುಗ್ಗುವಾಗ, ಯಾರದೋ ಅಡುಗೆಮನೆಗೆ ಚಪ್ಪಲಿ ಮೆಟ್ಟಿಯೇ ಹೊಕ್ಕಂತಾಗಿ ನನ್ನ ಕಾಲು ತಾನಾಗಿ ಹಿಂಜರಿಯಿತು.

ಮನೆಗಳ ಮುಂದೆ ಕಟ್ಟೆ. ಅಲ್ಲಿ ಅದಕ್ಕೆ ಓಟಲೋ ಎನ್ನುತ್ತಾರೆ, ಆದರೆ ಅದರ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದ ಹೆಂಗಸರು ಮಾತ್ರ ನಮ್ಮ ಓಣಿಯವರೇ ಆಗಬಹುದಿತ್ತು. ಓಣಿ ಕೂಡುವಲ್ಲಿ ಎತ್ತರದ ಕೆತ್ತನೆಯ ಕಂಬ, ಅದರ ನೆತ್ತಿಯ ಮೇಲೊಂದು ಮಂಟಪ: ಹಕ್ಕಿಗಳಿಗೆ ಕಾಳು ಹಾಕುವ ಚಬೂತರೋ. ಮರ ಕಡಿದು ಊರು ಕಟ್ಟಿದ ಮೇಲೆ ಹಕ್ಕಿಗಳ ಪಾಲನ್ನು ಹೀಗೆ ಹಿಂದಿರುಗಿಸಿದ್ದಾರೆಂದು ಮಾರ್ಗದರ್ಶಿ ಹೇಳಿದರು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಒಂದು ಮನೆಯ ಅಂಗಳದ ಮಧ್ಯದಲ್ಲಿದ್ದ, ತಟ್ಟೆಯಷ್ಟಗಲದ ಮುಚ್ಚಳ. ಅದರ ಕೆಳಗೆ, ಮನೆಯ ಅಡಿಯಲ್ಲೇ, ಕೋಣೆಯಷ್ಟು ದೊಡ್ಡ ತೊಟ್ಟಿ. ಮಾಳಿಗೆಯ ಮೇಲೆ ಬಿದ್ದ ಮಳೆನೀರು ಕೊಳವೆಯಲ್ಲಿಳಿದು ಅಲ್ಲಿ ಸೇರುತ್ತದೆ, ಬೇಸಿಗೆಯ ತನಕ ಕುಡಿಯಲಿಕ್ಕೆ ಬರುತ್ತದೆ. ಮುಚ್ಚಳ ತೆಗೆದು ಬಗ್ಗಿದಾಗ ತಣ್ಣನೆಯ ಉಸಿರೊಂದು ಮುಖಕ್ಕೆ ಬಡಿಯಿತು. ನಮ್ಮ ಅಜ್ಜನ ವಾಡೆಯಲ್ಲಿ ಜೋಳದ ಹಗೇವಿನ ಬಾಯಿ ತೆರೆದಾಗ ಬರುತ್ತಿದ್ದ ಗಾಳಿ ಬಿಸಿ, ಇದು ತಂಪು, ಅಷ್ಟೇ ವ್ಯತ್ಯಾಸ. ಹಗೇವು ನಾವು ಮುಚ್ಚಿಸಿ ಮೂವತ್ತು ವರ್ಷವಾಯಿತು. 2017ರಲ್ಲಿ ಯುನೆಸ್ಕೊ ಭಾರತದ ಮೊದಲ ವಿಶ್ವ ಪರಂಪರೆಯ ನಗರವೆಂದು ಈ ಊರನ್ನು ಗುರುತಿಸಿತು ಎಂಬ ಮಾತನ್ನು ಆ ಮನೆಯ ಯಜಮಾನರು ಹೇಳಿ, ಅದೇ ಉಸಿರಿನಲ್ಲಿ, ಮಾಡಿನ ಒಂದು ತೊಲೆ ಬದಲಿಸಲು ತಮಗಾಗುವ ಖರ್ಚನ್ನೂ ಹೇಳಿದರು.

ನಡಿಗೆ ಮುಗಿಯುವುದು 1424ರ ಜಾಮಾ ಮಸೀದಿಯಲ್ಲಿ. 260 ಕಂಬಗಳ ಆ ಪ್ರಾರ್ಥನಾ ಮಂದಿರಕ್ಕೆ ನ್ಯಾಯ ಒದಗಿಸುವಷ್ಟು ಹೊತ್ತು ನಾನು ಅಲ್ಲಿರಲಿಲ್ಲ. ಮನಸ್ಸೆಲ್ಲ ಮುಂದಿನ ಜಾಗದ ಮೇಲಿತ್ತು: ತೀನ್ ದರವಾಜಾ ದಾಟಿ, ಭದ್ರ ಕೋಟೆಯ ಆಚೆ, ವಾಹನಗಳು ಸುತ್ತುವ ರಸ್ತೆಯ ನಡುಗಡ್ಡೆಯಂಥ ಜಾಗದಲ್ಲಿ ನಿಂತಿರುವ ಸೀದಿ ಸಯ್ಯದ್ ಮಸೀದಿ. ಅದರ ಕಿಟಕಿಯ ಚಿತ್ರ ನಾನು ಶಾಲೆಯಲ್ಲಿದ್ದಾಗ ಕ್ಯಾಲೆಂಡರೊಂದರಲ್ಲಿ ನೋಡಿದ್ದೆ, ಮರದ ಕೆತ್ತನೆಯೆಂದೇ ಬಹುಕಾಲ ತಿಳಿದಿದ್ದೆ. ಕಲ್ಲು ಅದು. ನಡುವೆ ನೆಟ್ಟಗೆ ಏರಿದ ತಾಳೆಯ ಮರ, ಅದನ್ನು ಬಳಸಿ ಸುರುಳಿ ಸುರುಳಿಯಾಗಿ ಕವಲೊಡೆದು ಅರ್ಧಚಂದ್ರಾಕಾರವನ್ನೆಲ್ಲ ತುಂಬಿದ ಇನ್ನೊಂದು ಮರ. ಕೊಂಬೆಗಳ ಸಂದಿನಲ್ಲೆಲ್ಲ ಬಯಲು. ಹೊರಗಿನ ರಸ್ತೆಯಿಂದ ನೋಡಿದರೆ ಬರಿಯ ಕುಸುರಿ ಕೆಲಸ. ಒಳಗಿನ ಅರೆಗತ್ತಲಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತರೆ, ಕಲ್ಲು ಕಪ್ಪಾಗಿ ಬೆಳಕು ಮಾತ್ರ ಉಳಿದು, ಹೊರಗೆ ಆಟೋ ಹಾದಾಗೊಮ್ಮೆ ಆ ಎಲೆಗಳ ಹಿಂದೆ ಏನೋ ಸರಿದಂತಾಗುತ್ತದೆ. ಒಂದು ಎಲೆಯಿಂದ ಹೊರಟು ಅದರ ಕೊಂಬೆ ಹಿಡಿದು ಬುಡ ಮುಟ್ಟಬೇಕೆಂದು ಕಣ್ಣಲ್ಲೇ ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ನಡುವೆ ದಾರಿ ತಪ್ಪಿತು.

ಇದನ್ನು 1572–73ರಲ್ಲಿ, ಅಕ್ಬರ ಗುಜರಾತನ್ನು ಗೆದ್ದ ಹೊತ್ತಿನಲ್ಲಿ, ಕಟ್ಟಿಸಿದ ಸೀದಿ ಸಯ್ಯದ್ ಆಫ್ರಿಕಾದ ಮೂಲದವನು. ಸೀದಿ ಎಂಬ ಮಾತು ಕಿವಿಗೆ ಬಿದ್ದೊಡನೆ ನನಗೆ ನೆನಪಾದದ್ದು ನಮ್ಮ ಜಿಲ್ಲೆಯ ಗಡಿ ದಾಟಿದರೆ ಸಿಗುವ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಸಿದ್ದಿಯರು. ಕನ್ನಡ, ಕೊಂಕಣಿ ಆಡುವ ಅವರನ್ನು ಬಸ್ ನಿಲ್ದಾಣಗಳಲ್ಲಿ ಜನ ಈಗಲೂ ಎಲ್ಲಿಯವರೆಂದು ಕೇಳುವುದನ್ನು ನೋಡಿದ್ದೇನೆ. ಅದೇ ಸಮುದ್ರ ದಾಟಿ ಬಂದವರಲ್ಲೊಬ್ಬ ಇಲ್ಲಿ ಸುಲ್ತಾನರ ಆಸ್ಥಾನದ ಪ್ರಮುಖನಾಗಿದ್ದ, ಇಡೀ ನಗರ ಇವತ್ತು ತನ್ನ ಗುರುತೆಂದು ತೋರಿಸುವುದು ಅವನ ಕಿಟಕಿಯನ್ನು.

ಎದುರಿಗೇ ಇರುವ ಲಕ್ಕಿ ಹೋಟೆಲಿನಲ್ಲಿ ಚಹಾ ಕುಡಿದೆ. ಹಳೆಯ ಗೋರಿಗಳಿದ್ದ ಜಾಗದಲ್ಲಿ ಅವನ್ನು ಕದಲಿಸದೆ ಹೋಟೆಲು ಮಾಡಿದ್ದಾರೆ. ಹಸಿರು ಬಣ್ಣ ಬಳಿದು ಸುತ್ತ ಕಂಬಿ ಹಾಕಿದ ಗೋರಿಗಳ ನಡುವೆ ಮೇಜುಗಳು. ನನ್ನ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಯಾರೋ ಮಲಗಿದ್ದರು, ಬೆಣ್ಣೆ ಹಚ್ಚಿದ ಬನ್ನು ಮಾತ್ರ ಬಹಳ ಚೆನ್ನಾಗಿತ್ತು.

ಸಾಬರಮತಿ ಆಶ್ರಮಕ್ಕೆ ಹೋದದ್ದು, ನಿಜ ಹೇಳಬೇಕೆಂದರೆ, ಈ ಊರಿಗೆ ಬಂದವರೆಲ್ಲ ಹೋಗುತ್ತಾರೆಂಬ ಕಾರಣಕ್ಕೆ. ಮಧ್ಯಾಹ್ನದ ಬಿಸಿಲಿಗೆ ಜನ ಕಡಿಮೆಯಿದ್ದರು. ಗಾಂಧೀಜಿ 1930ರವರೆಗೆ ಇದ್ದ ಹೃದಯ ಕುಂಜದ ಪಡಸಾಲೆಯಲ್ಲಿ ಕೂತು ನದಿಯ ಕಡೆ ನೋಡುತ್ತಿದ್ದಾಗ, ಬೇವಿನ ನೆರಳಿಗೆ ಬಂದು ನಿಂತ ಕಾವಲುಗಾರರು ಯಾವ ಊರೆಂದು ಕೇಳಿದರು. ಹಾವೇರಿ ಎಂದೆ, ಗೊತ್ತಾಗಲಿಲ್ಲ. ಹುಬ್ಬಳ್ಳಿಯ ಹತ್ತಿರ ಎಂದೆ, ಅದೂ ಗೊತ್ತಾಗಲಿಲ್ಲ. ಗುರುತು ಹೇಳುವ ಆತುರದಲ್ಲಿ, ನನ್ನ ಹರಕು ಹಿಂದಿಯಲ್ಲಿ, "ಬಾಪೂ ಜೊತೆ ದಂಡಿಗೆ ನಡೆದವರಲ್ಲಿ ನಮ್ಮ ಕಡೆಯವರೊಬ್ಬರಿದ್ದರು" ಎಂದುಬಿಟ್ಟೆ.

ಹೇಳಿದ ಮೇಲೆ ನನಗೇ ಬೆರಗಾಯಿತು, ಏಕೆಂದರೆ ಆ ಕ್ಷಣದವರೆಗೆ ನಾನು ಕೂತ ನೆಲಕ್ಕೂ ಮೈಲಾರ ಮಹಾದೇವಪ್ಪನವರಿಗೂ ಇರುವ ನಂಟು ನನ್ನ ತಲೆಗೆ ಬಂದಿರಲಿಲ್ಲ. 1930ರ ಮಾರ್ಚ್ 12ರ ಬೆಳಿಗ್ಗೆ ಇಲ್ಲಿಂದ ಹೊರಟ ಆ ಎಪ್ಪತ್ತೆಂಟು ಮಂದಿಯಲ್ಲಿದ್ದ ಒಬ್ಬನೇ ಕನ್ನಡಿಗ, ಮೋಟೆಬೆನ್ನೂರಿನ ಹತ್ತೊಂಬತ್ತರ ಆಸುಪಾಸಿನ ಹುಡುಗ, ಈ ಅಂಗಳವನ್ನು ದಾಟಿಯೇ ಹೋಗಿರಬೇಕು. ನಾನು ರೈಲು ಹತ್ತಿದ ನಿಲ್ದಾಣಕ್ಕೆ ಅವರದೇ ಹೆಸರಿಟ್ಟಿದ್ದಾರೆ. ಹಾವೇರಿಯಿಂದ ಬ್ಯಾಡಗಿಗೆ ದಿನಕ್ಕೆರಡು ಸಲ ಬಸ್ಸಿನಲ್ಲಿ ನಾನು ಹಾಯುವುದು ಮೋಟೆಬೆನ್ನೂರನ್ನೇ. ಹೋಗುವಾಗ ಅಲ್ಲಿ ಫೋನು ನೋಡುತ್ತಿರುತ್ತೇನೆ, ಬರುವಾಗ ತೂಕಡಿಸುತ್ತಿರುತ್ತೇನೆ.

ಕಾವಲುಗಾರರು ಆಸಕ್ತಿಯಿಂದ, "ಆಮೇಲೆ ಅವರೇನಾದರು?" ಎಂದು ಕೇಳಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಬ್ರಿಟಿಷರ ಕಂದಾಯದ ಹಣವಿದ್ದ ಕಡೆ ನುಗ್ಗಿದಾಗ ಪೊಲೀಸರ ಗುಂಡಿಗೆ ಬಲಿಯಾದರು, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಅವರ ಜೊತೆಗೇ ಹೋದರು ಎಂದು, ಶಾಲೆಯಲ್ಲಿ ಕಲಿತದ್ದನ್ನು ಹುಡುಕಿ ಹುಡುಕಿ ಹೇಳಿದೆ. ಅವರು ನದಿಯ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಕೈ ತೋರಿಸಿ, ಈ ಜಾಗದ ಒಂದು ಬದಿಗೆ ಜೈಲು, ಇನ್ನೊಂದು ಬದಿಗೆ ಸ್ಮಶಾನ, ಸತ್ಯಾಗ್ರಹಿ ಈ ಎರಡರಲ್ಲಿ ಒಂದಕ್ಕೆ ಹೋಗಲೇಬೇಕೆಂದು ಬಾಪೂ ಹೇಳುತ್ತಿದ್ದರು ಎಂದರು. ಮಹಾದೇವಪ್ಪನವರು ಎರಡನ್ನೂ ಕಂಡವರು. "ಅವರ ಸ್ಮಾರಕ ಇದೆಯೇ, ಹೇಗಿದೆ?" ಎಂಬುದು ಕಾವಲುಗಾರರ ಕೊನೆಯ ಪ್ರಶ್ನೆ. ಇದೆ, ಹಾವೇರಿಯಲ್ಲೇ ವೀರಸೌಧವಿದೆ ಎಂದೆ. ಹೇಗಿದೆ ಎನ್ನುವುದನ್ನು, ಒಳಗೆ ಕಾಲಿಡದ ನಾನು, ನುಂಗಿಕೊಂಡೆ.

ಮರುದಿನ ಹನ್ನೊಂದಕ್ಕೆ ಸೆನ್ಸರ್ ಬಂತು. ನನ್ನ ಚೀಲ ಬಿಚ್ಚಿದಾಗ ಷೆಡ್ಡಿನ ಹುಡುಗರೆಲ್ಲ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಸಜ್ಜಾದರು. ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆ ಬಣ್ಣದಲ್ಲಿದೆ, ಖಾರದಲ್ಲಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಒಬ್ಬ ಚಿಟಿಕೆಯಷ್ಟು ನಾಲಿಗೆಗಿಟ್ಟು, ಬೆರಳಿಗೆ ಹತ್ತಿದ ಕೆಂಪನ್ನೇ ನೋಡುತ್ತ ನಿಂತ. ಸತತ ಇನ್ನೂರು ಪೊಟ್ಟಣ ತೆಗೆದು, ಇಪ್ಪತ್ತನ್ನು ಆರಿಸಿ ತೂಗಿದೆ. ಸಾವಕಾರರ ತಂದೆಯವರ ಹೆಸರು ಎಲ್ಲದರಲ್ಲೂ ಇಡಿಯಾಗಿತ್ತು.

ಸುದ್ದಿ ಹೇಳಲು ಫೋನು ಮಾಡಿದಾಗ, ಯಂತ್ರದ ಮಾತೆಲ್ಲ ಮುಗಿದ ಮೇಲೆ ಸಾವಕಾರರು, "ಊರು ನೋಡಿದ್ಯಾ ಮತ್ತ? ಏನೇನ್ ನೋಡ್ದಿ?" ಎಂದರು.

"ಭಾಳ ನೋಡಿದೆ ಸಾವಕಾರ್ರ. ನಮ್ಮ ಮೋಟೆಬೆನ್ನೂರಿನವ್ರು ಇದ್ದ ಜಾಗಾನೂ ನೋಡಿದೆ."

"ಮೋಟೆಬೆನ್ನೂರಿನವ್ರು ಯಾರಪಾ ಅಲ್ಲಿ? ಮೆಣಸಿನಕಾಯಿ ವ್ಯಾಪಾರದವ್ರೇನು?"