ಗುಹೆ ಒಂದೇ, ವಂಶ ಬೇರೆ

ಹಳೆಯ ಮೂಳೆಗಳಿಂದ ತೆಗೆದ ಡಿಎನ್‌ಎ ಡೇಟಾ ನೋಡುವುದು ನನ್ನ ಕೆಲಸ. ನನ್ನ ಕೈಗೆ ಮೂಳೆ ಬರುವುದಿಲ್ಲ, ಫೈಲ್ ಬರುತ್ತದೆ. ಸೇರಿದ ಹೊಸದರಲ್ಲಿ, ಆಗಲೇ ಪ್ರಕಟವಾಗಿದ್ದ ನಿಯಾಂಡರ್ತಾಲ್ (ಈಗ ಅಳಿದುಹೋಗಿರುವ ಒಂದು ಪ್ರಾಚೀನ ಮಾನವ ಗುಂಪು) ಜೀನೋಮ್‌ಗಳನ್ನೆಲ್ಲ, ಅಂದರೆ ಒಬ್ಬೊಬ್ಬರ ಇಡೀ ಡಿಎನ್‌ಎ ಮಾಹಿತಿಯನ್ನು, ಒಂದು ಪಟ್ಟಿಗೆ ಹಾಕಲು ಹೇಳಿದರು. ‘ಗುಂಪು’ ಅನ್ನೋ ಕಾಲಂನಲ್ಲಿ ನಾನು ಮೂಳೆ ಸಿಕ್ಕ ಜಾಗದ ಹೆಸರನ್ನೇ ತುಂಬುತ್ತಾ ಹೋದೆ. ಸೈಬೀರಿಯಾದ ಡೆನಿಸೋವಾ ಗುಹೆಯ ಎರಡು ಸ್ಯಾಂಪಲ್ ಒಂದೇ ಗುಂಪಿಗೆ ಬಿದ್ದವು. ಒಂದೇ ಗುಹೆ ಅಲ್ವಾ ಅಂದುಕೊಂಡೆ.

ಮೊದಲನೆಯದು ಒಬ್ಬ ಹೆಂಗಸಿನ ಕಾಲ್ಬೆರಳಿನ ಮೂಳೆ, ಸುಮಾರು 1,20,000 ವರ್ಷ ಹಳೆಯದು. ಎರಡನೆಯದು ಸುಮಾರು 90,000 ವರ್ಷ ಹಿಂದಿನ ಹುಡುಗಿಯದು, ಎರಡೂವರೆ ಸೆಂಟಿಮೀಟರ್ ಉದ್ದದ ಚೂರು. ಅವಳ ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್, ಅಂದರೆ ಅಳಿದುಹೋದ ಇನ್ನೊಂದು ಮಾನವ ಗುಂಪಿನವನು. ಎಲ್ಲರೂ ಅವಳನ್ನು ಡೆನ್ನಿ ಅಂತಾರೆ.

ನಮ್ಮ ಸೀನಿಯರ್ ಮೇಡಂ ಪಟ್ಟಿ ನೋಡಿ, “ಇವರಿಬ್ಬರೂ ಒಂದೇ ಗುಂಪು ಅಂತ ಎಣಿಸಿ ನೋಡಿದೆಯಾ?” ಅಂದರು. ನೋಡಿರಲಿಲ್ಲ.

ಎಣಿಸುವುದು ಕಷ್ಟವೇನಲ್ಲ. ಕಾಲ್ಬೆರಳಿನ ಹೆಂಗಸನ್ನು ಇನ್ನೊಂದು ಜಾಗದ ನಿಯಾಂಡರ್ತಾಲ್ ಹೆಂಗಸಿನ ಜೊತೆ ಹೋಲಿಸಬೇಕು. ಇಬ್ಬರಲ್ಲಿ ಕಾಲ್ಬೆರಳಿನವಳಲ್ಲಿ ಮಾತ್ರ ಇರುವ ಡಿಎನ್‌ಎ ಬದಲಾವಣೆಗಳಲ್ಲಿ ಎಷ್ಟು ಡೆನ್ನಿಯಲ್ಲಿವೆ? ಇನ್ನೊಬ್ಬಳಾದ ಕ್ರೊವೇಷಿಯಾದ ವಿಂಡಿಯಾ ಗುಹೆಯ ಹೆಂಗಸಿನಲ್ಲಿ ಮಾತ್ರ ಇರುವವುಗಳಲ್ಲಿ ಎಷ್ಟು? ಎರಡನೆಯದೇ ಜಾಸ್ತಿ ಬಂತು. 2018ರಲ್ಲಿ ಪ್ರಕಟವಾದ ಫಲಿತಾಂಶವೂ ಅದೇ. ಡೆನ್ನಿಯ ತಾಯಿಗೆ ಅದೇ ಗುಹೆಯಲ್ಲಿ ಮೊದಲು ಇದ್ದವಳಿಗಿಂತ, ಸಾವಿರಾರು ಕಿಲೋಮೀಟರ್ ದೂರದಲ್ಲಿ, ಎಷ್ಟೋ ಸಾವಿರ ವರ್ಷ ಆಮೇಲೆ ಬದುಕಿದವಳೇ ಹತ್ತಿರದ ಸಂಬಂಧಿ! ಅಂದರೆ ಪಶ್ಚಿಮದ ಜನ ಪೂರ್ವಕ್ಕೆ ಬಂದು ಹಳಬರ ಜಾಗ ಹಿಡಿದಿರಬೇಕು, ಇಲ್ಲವೇ ಪೂರ್ವದವರು ಮುಂದೆ ಯುರೋಪಿಗೆ ಹೋಗಿರಬೇಕು. ನಾನು ಹಾಕಿದ್ದ ಒಂದು ಹೆಸರಿನ ಕೆಳಗೆ ಈ ಓಡಾಟವೆಲ್ಲ ಮುಚ್ಚಿಹೋಗಿತ್ತು. ಅವತ್ತು ನನಗೆ ತುಂಬಾ ಬೇಜಾರಾಯಿತು.

ಫ್ರಾನ್ಸ್‌ನಲ್ಲಿ ಸಿಕ್ಕ, ಥೋರಿನ್ ಅಂತ ಹೆಸರಿಟ್ಟಿರುವ ನಿಯಾಂಡರ್ತಾಲ್ ಗಂಡಸಿನ ಕಥೆಯೂ ಇಂಥದ್ದೇ. ಅವನು ನಿಯಾಂಡರ್ತಾಲರ ಕೊನೆಗಾಲದವನು. ಆದರೆ ಅವನ ವಂಶ ಉಳಿದವರಿಂದ ಸುಮಾರು 1,00,000 ವರ್ಷಗಳ ಹಿಂದೆಯೇ ಬೇರೆಯಾಗಿತ್ತು. ಅದೇ ಫ್ರಾನ್ಸ್‌ನ ಇತರ ನಿಯಾಂಡರ್ತಾಲರು ಅವನಿಗಿಂತ ವಿಂಡಿಯಾದವರಿಗೆ ಹತ್ತಿರ.

ಈಗ ನನ್ನ ಪಟ್ಟಿಯಲ್ಲಿ ‘ಜಾಗ’ ಬೇರೆ, ‘ವಂಶ’ ಬೇರೆ. ಎಣಿಸುವವರೆಗೂ ಎರಡನೇ ಕಾಲಂ ಖಾಲಿ ಬಿಡುತ್ತೇನೆ. ಎಣಿಸಿದ ಮೇಲೆ ಒಂದೇ ಮನೆಯವರೂ ಸಿಗುತ್ತಾರೆ. ಸೈಬೀರಿಯಾದ್ದೇ ಇನ್ನೊಂದು ಗುಹೆ ಚಾಗಿರ್ಸ್ಕಾಯಾದಲ್ಲಿ 11 ಜನರ ಡಿಎನ್‌ಎ ಸಿಕ್ಕಿತು. ಅವರಲ್ಲಿ ಒಬ್ಬ ಅಪ್ಪ, ಅವನ ಹದಿಹರೆಯದ ಮಗಳು. ತಂದೆಯಿಂದ ಮಗನಿಗೆ ಹೋಗುವ ವೈ ಕ್ರೋಮೋಸೋಮ್‌ಗಳಲ್ಲಿ ವ್ಯತ್ಯಾಸ ತೀರಾ ಕಡಿಮೆ, ತಾಯಿಯಿಂದ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ ಜಾಸ್ತಿ. ಅಂದರೆ ಹೆಚ್ಚಾಗಿ ಹೆಣ್ಣುಮಕ್ಕಳೇ ಬೇರೆ ಗುಂಪುಗಳಿಂದ ಬಂದು ಸೇರುತ್ತಿದ್ದಿರಬೇಕು. ಆ ಅಪ್ಪ ಮಗಳ ಎರಡು ಸಾಲು ತುಂಬುವಾಗ ಸ್ವಲ್ಪ ಹೊತ್ತು ಕೀಬೋರ್ಡಿನಿಂದ ಕೈ ತೆಗೆದು ಸುಮ್ನೆ ನೋಡುತ್ತಾ ಕೂತಿದ್ದೆ.